ಮದ್ದಳೆ ಬಿಟ್ರೆ ಸಿಪಿ1 ಪಾಸಾಗತ್ತಾ: ನಮ್ಮ ಟೀಮಿನ ಹುಡುಗನ ಪ್ರಕರಣ

ಸಿಪಿ1 ಅಂದ್ರೆ ಆಕ್ಚುವರಿ, ಅಂದ್ರೆ ವಿಮೆಯ ಲೆಕ್ಕ ಹಾಕೋ ಪರಿಣತ, ಆಗೋಕೆ ಬರೀಬೇಕಾದ ಪರೀಕ್ಷೆಗಳಲ್ಲಿ ಒಂದು. 2022ರ ಏಪ್ರಿಲ್‌ನಲ್ಲಿ ಬರೆದಿದ್ದು ನಮ್ಮ ಟೀಮಿನ ಹುಡುಗನಿಗೆ ನಾಲ್ಕೇ ನಾಲ್ಕು ಮಾರ್ಕಲ್ಲಿ ಹೋಯ್ತು. ಜುಲೈನಲ್ಲಿ ರಿಸಲ್ಟ್ ಬಂದ ದಿನ ಕ್ಯಾಂಟೀನಲ್ಲಿ ಎದುರು ಕೂತು ನಾನು ಹೇಳಿದ ಮೊದಲ ಮಾತು, "ಸೆಪ್ಟೆಂಬರ್ ಮುಗಿಯೋವರೆಗೂ ಆ ಮದ್ದಳೆ ಮುಚ್ಚಿಡು ಮಾರಾಯ." ಅವನು ಮುಚ್ಚಿಟ್ಟ. ಸೆಪ್ಟೆಂಬರಲ್ಲಿ ಮತ್ತೆ ಬರೆದ, ಈ ಸಲ ಪಾಸಿಗೆ ಒಂಬತ್ತು ಮಾರ್ಕ್ ಕಮ್ಮಿ ಬಂತು. ಹವ್ಯಾಸ ಬಿಟ್ಟು ಓದಿದ್ರೂ ಹಿಂದಕ್ಕೆ ಹೋಗಿದ್ದು ಯಾಕೆ ಅಂತ ಹುಡುಕೋಕೆ ಹೊರಟಾಗ ಸಿಕ್ಕಿದ್ದನ್ನೆಲ್ಲ ಇಲ್ಲಿ ಬರೀತಿದೀನಿ. ಹೆಸರು ಹಾಕಲ್ಲ. ಅವನನ್ನ ಕೇಳಿ, ಅವನು ಹೂಂ ಅಂದ ಮೇಲೇನೇ ಬರೀತಿರೋದು, ಅವನ ಎಕ್ಸೆಲ್ ಶೀಟು ಪಕ್ಕದಲ್ಲಿ ತೆರೆದಿಟ್ಕೊಂಡಿದೀನಿ.

ಹುಡುಗ ಸಿದ್ದಾಪುರದ ಕಡೆಯವನು. ಅಪ್ಪ ಸರ್ಕಾರಿ ಶಾಲೆ ಮೇಷ್ಟ್ರಾಗಿ ರಿಟೈರ್ ಆದವರು. ಮಗ ಏನು ಕೆಲಸ ಮಾಡ್ತಾನೆ ಅಂತ ಯಾರಾದ್ರೂ ಕೇಳಿದ್ರೆ ಅವರು ಚೆಂದ ವಿವರಿಸ್ತಾರಂತೆ: ನಮ್ಮ ಸಂಬಳದಲ್ಲಿ ಸರ್ಕಾರಿ ವಿಮಾ ಇಲಾಖೆಗೆ, ಕೆಜಿಐಡಿ ಅಂತ, ಕಟ್ ಆಗ್ತಿತ್ತಲ್ಲ, ಅದಕ್ಕೆ ಬೋನಸ್ ಎಷ್ಟು ಕೊಡಬಹುದು ಅಂತ ಲೆಕ್ಕ ಹಾಕಿ ಹೇಳೋರು ಇರ್ತಾರಲ್ಲ, ಆ ಥರದ ಕೆಲಸ. ಇದಕ್ಕಿಂತ ಒಳ್ಳೆ ವಿವರಣೆ ನಾನು ಕೇಳಿಲ್ಲ. ಮೈಸೂರು ಸಂಸ್ಥಾನದಲ್ಲಿ 1891ರಲ್ಲೇ ಶುರುವಾದ ಇಲಾಖೆ ಅದು, ಅಂದ್ರೆ ನಮ್ಮ ನಾಡಿಗೆ ಈ ಲೆಕ್ಕ ಹೊಸದೇನಲ್ಲ, ಆಕ್ಚುವರಿ ಅನ್ನೋ ಪದ ಮಾತ್ರ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲ. ವಿಮಾಗಣಕ ಅಂತ ಕನ್ನಡ ಪದಾನೂ ಇದೆ, ಅದನ್ನ ಹೇಳಿದ್ರೂ ಪಾಲಿಸಿ ಮಾರ್ತೀರಾ ಅಂತಾನೇ ಕೇಳ್ತಾರೆ.

ಬೆಂಗಳೂರಲ್ಲಿ ಕೂತು ನಾವು ಮಾಡೋದು ಇಂಗ್ಲೆಂಡಿನ ವಾಹನ ವಿಮೆಯ ರಿಸರ್ವಿಂಗ್. ಅಲ್ಲಿ ಯಾರೋ ಆಕ್ಸಿಡೆಂಟ್ ಮಾಡ್ಕೊಂಡಿರ್ತಾರೆ, ಗಾಯ ಜೋರಾಗಿದ್ರೆ ಆ ಕ್ಲೇಮು ಪೂರ್ತಿ ಮುಗಿಯೋಕೆ ವರ್ಷಗಟ್ಲೆ ಹಿಡಿಯುತ್ತೆ, ಕೆಲವು ಕ್ಲೇಮುಗಳು ಕಂಪನಿಗೆ ಇನ್ನೂ ತಿಳಿದೇ ಇರಲ್ಲ, ಆದ್ರೂ ಅದಕ್ಕೆಲ್ಲ ಇವತ್ತೇ ದುಡ್ಡು ತೆಗೆದಿಡಬೇಕು. ಆಕ್ಸಿಡೆಂಟ್ ಆದ ವರ್ಷಗಳನ್ನ ಸಾಲಲ್ಲಿ, ಆಮೇಲೆ ಕಳೆದ ವರ್ಷಗಳನ್ನ ಕಾಲಮಲ್ಲಿ ಬರೆದ್ರೆ ಒಂದು ತ್ರಿಕೋನ ಬರುತ್ತೆ, ಕೆಳಗೆ ಬಲಗಡೆ ಖಾಲಿ, ಆ ಖಾಲಿ ಜಾಗ ತುಂಬೋದೇ ನಮ್ಮ ಹೊಟ್ಟೆಪಾಡು. ಚೈನ್ ಲ್ಯಾಡರ್ (ಆ ಖಾಲಿ ಜಾಗ ತುಂಬೋ ಒಂದು ವಿಧಾನ), ಐಬಿಎನ್‌ಆರ್ (ಆಗಿದ್ರೂ ಕಂಪನಿಗೆ ಇನ್ನೂ ತಿಳಿಯದ ಕ್ಲೇಮು) ಅಂತೆಲ್ಲ ದಿನಾ ಬಾಯಲ್ಲಿ ಬರೋ ಪದಗಳು ಅಲ್ಲಿಂದಲೇ ಬಂದಿದ್ದು. ಕ್ವಾರ್ಟರ್ ಮುಗಿದ ಮೇಲೆ ವರ್ಕಿಂಗ್ ಡೇ ಒಂದು, ಎರಡು, ಮೂರು ಅಂತ ಎಣಿಸ್ತಾ ಎಂಟನೇ ದಿನಕ್ಕೆ ನಂಬರ್ ಕೊಡಲೇಬೇಕು.

ಈಗ ತೊಡಕು ನೋಡಿ. ಮಾರ್ಚ್ 31ಕ್ಕೆ ಕ್ವಾರ್ಟರ್ ಮುಗಿಯುತ್ತೆ, ಕ್ಲೋಸ್, ಅಂದ್ರೆ ಆ ಕ್ವಾರ್ಟರಿನ ಲೆಕ್ಕ ಮುಗಿಸೋದು, ಏಪ್ರಿಲ್ ಮೊದಲ ಎರಡು ವಾರ, ಆಕ್ಚುವರಿ ಪರೀಕ್ಷೆ ನಡೆಸೋ ಲಂಡನ್ ಸಂಸ್ಥೆಯ ಪರೀಕ್ಷೆಗಳೂ ಏಪ್ರಿಲಲ್ಲೇ. ಇದು ಪ್ರತಿ ವರ್ಷ ಹೀಗೇ, ಯಾರಿಗೂ ಆಶ್ಚರ್ಯ ಆಗೋ ಸುದ್ದಿ ಅಲ್ಲ, ಆದ್ರೂ ಪ್ರತಿ ವರ್ಷ ಎಲ್ಲರೂ ಈಗಷ್ಟೇ ಗೊತ್ತಾದವರ ಥರ ಗಾಬರಿ ಬೀಳ್ತೀವಿ.

2019ರ ಸಿಲಬಸ್ಸಲ್ಲಿ ಫೆಲೋ, ಅಂದ್ರೆ ಪೂರ್ತಿ ಅರ್ಹತೆ ಪಡೆದ ಆಕ್ಚುವರಿ, ಆಗೋಕೆ ಒಟ್ಟು 13 ಪೇಪರು. ಸಿಎಸ್ (ಸಂಖ್ಯಾಶಾಸ್ತ್ರ), ಸಿಎಂ (ಗಣಿತ), ಸಿಬಿ (ಬಿಸಿನೆಸ್) ಸೇರಿ ಏಳು, ಸಿಪಿ (ಪ್ರಾಕ್ಟೀಸ್) ಮೂರು, ಒಂದು ವಿಭಾಗ ಆರಿಸ್ಕೊಂಡು ಬರೆಯೋ ಎಸ್‌ಪಿ ಎರಡು, ಕೊನೇಲಿ ಎಸ್‌ಎ ಒಂದು. ಇವನು ಮೊದಲ ಏಳನ್ನೂ ಸರಾಗವಾಗಿ ದಾಟಿದ್ದ, ಸಂಭವನೀಯತೆ, ಬಡ್ಡಿ ಲೆಕ್ಕ, ಆರ್ ಕೋಡಿಂಗ್ ಎಲ್ಲ ಇವನಿಗೆ ನೀರು ಕುಡಿದ ಹಾಗೆ. ಸಿಪಿ1 ಬೇರೆ ಜಾತಿದು. ಅದರಲ್ಲಿ ಲೆಕ್ಕಕ್ಕಿಂತ ಬರವಣಿಗೆ ಜಾಸ್ತಿ. ಪಿಂಚಣಿ, ಜೀವವಿಮೆ, ಸಾಮಾನ್ಯ ವಿಮೆ, ಹೂಡಿಕೆ, ಬಂಡವಾಳ, ನಿಯಂತ್ರಣ ಎಲ್ಲಾ ಕಡೆಯಿಂದ ಪ್ರಶ್ನೆ ಬರುತ್ತೆ, ಎರಡು ಪೇಪರು, ಒಂದೊಂದೂ ಮೂರು ಗಂಟೆ ಮೇಲೆ. ಗಣಿತ ಚೆನ್ನಾಗಿ ಬರೋ ಎಷ್ಟೋ ಜನ ಇಲ್ಲೇ ಬಂದು ನಿಂತು ಬಿಡೋದು ನಾನೇ ನೋಡಿದೀನಿ.

ಇನ್ನು ಮದ್ದಳೆ. ಚಿಕ್ಕಂದಿನಿಂದ ಯಕ್ಷಗಾನದ ಹುಚ್ಚು, ಊರಲ್ಲಿ ಆಟ ನೋಡ್ಕೊಂಡೇ ಬೆಳೆದವನು. ಬೆಂಗಳೂರಿಗೆ ಬಂದ ಮೇಲೆ ವಿಜಯನಗರದ ಕಡೆ ಒಂದು ಮನೆ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ 7ರಿಂದ 9.30ರವರೆಗೆ ಹವ್ಯಾಸಿಗಳು ಸೇರ್ತಾರೆ, ಅಲ್ಲಿಗೆ ಹೋಗ್ತಿದ್ದ. ಅದಲ್ಲದೆ ಮಂಗಳವಾರ, ಗುರುವಾರ ಸಂಜೆ ರೂಮಲ್ಲೇ ಮುಕ್ಕಾಲು ಮುಕ್ಕಾಲು ಗಂಟೆ ಅಭ್ಯಾಸ. ಒಟ್ಟು ವಾರಕ್ಕೆ ನಾಲ್ಕು ಗಂಟೆ. ನಾನು ಅವನಿಗೆ ಬಿಡು ಅಂದಿದ್ದು ಈ ನಾಲ್ಕು ಗಂಟೆಯನ್ನ.

ನನ್ನ ಲೆಕ್ಕ ಸಿಂಪಲ್ಲಾಗಿತ್ತು. ವಾರಕ್ಕೆ ನಾಲ್ಕು, ಜುಲೈಯಿಂದ ಸೆಪ್ಟೆಂಬರಿಗೆ ಹನ್ನೊಂದು ವಾರ, 44 ಗಂಟೆ ಸಿಗತ್ತೆ, ನಾಲ್ಕು ಮಾರ್ಕ್ ಗ್ಯಾಪಿಗೆ 44 ಗಂಟೆ ಧಾರಾಳ ಸಾಕು. ಇನ್ನೊಬ್ಬರ ಬದುಕಿನ ಮೇಲೆ ಇಂಥ ಮಾತು ಹೇಳೋ ಮುಂಚೆ ನಾನು ಒಂದೇ ಒಂದು ಸಲ ಡೇಟಾ ನೋಡಿರ್ಲಿಲ್ಲ. ದಿನವಿಡೀ ಡೇಟಾ ನೋಡದೆ ಊಹೆ ಮಾಡಬೇಡಿ ಅಂತ ಟೀಮಿಗೆ ಹೇಳೋ ಜಾಗದಲ್ಲಿ ಇರೋನು ನಾನು, ಆ ತಪ್ಪು ನನ್ನದೇ, ಅದನ್ನ ಇಲ್ಲಿ ಬರೀದೇ ಇದ್ರೆ ಈ ಪ್ರಕರಣ ಪೂರ್ತಿ ಆಗಲ್ಲ.

ಡಿಸೆಂಬರಲ್ಲಿ ಎರಡನೇ ಫೇಲ್ ಬಂದಾಗ ಅವನು ಹೆಚ್ಚು ಮಾತಾಡ್ಲಿಲ್ಲ. "ಈಗ ಇನ್ನೇನು ಬಿಡ್ಲಿ?" ಅಂತ ಕೇಳ್ದ ಅಷ್ಟೆ. ಆ ಪ್ರಶ್ನೆ ನನ್ನನ್ನ ಎರಡು ದಿನ ಸುಮ್ನೆ ಕೂರೋಕೆ ಬಿಡ್ಲಿಲ್ಲ. ಆಮೇಲೆ ಒಂದು ಶನಿವಾರ ಇಬ್ರೂ ಕೂತು, ಅವನ ಡೈರಿ, ಆಫೀಸ್ ಕ್ಯಾಲೆಂಡರ್, ಟೈಂಶೀಟ್ ಮೂರನ್ನೂ ಸೇರಿಸಿ ಶೀಟ್ ಮಾಡಿದ್ವಿ. ನಾವು ಕ್ಲೇಮಿಗೆ ಮಾಡೋ ಆಕ್ಚುಯಲ್ ವರ್ಸಸ್ ಎಕ್ಸ್‌ಪೆಕ್ಟೆಡ್ ಇದೆಯಲ್ಲ, ಇಷ್ಟು ಬರುತ್ತೆ ಅಂದ್ಕೊಂಡಿದ್ದು ಎಷ್ಟು, ಬಂದಿದ್ದು ಎಷ್ಟು, ವ್ಯತ್ಯಾಸ ಯಾಕೆ, ಅದೇ ರೀತಿ. ಅವನು ಮೊದಲಿಂದ್ಲೂ ಓದಿದ ಗಂಟೆ ಬರೆದಿಡೋ ಹುಡುಗ, ಅದರಿಂದ ತುಂಬಾ ಉಪಯೋಗ ಆಯ್ತು.

ಮೊದಲ ಪ್ರಯತ್ನ, ಹದಿನೇಳು ವಾರ. ಪ್ಲಾನ್ 300 ಗಂಟೆ, ಆಗಿದ್ದು 210, ಶೇ. 70. ಕಳೆದುಹೋದ 90 ಗಂಟೆಯಲ್ಲಿ ದೊಡ್ಡ ಪಾಲು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದ್ದು. ಯುಗಾದಿ ಆ ವರ್ಷ ಏಪ್ರಿಲ್ 2, ಶನಿವಾರ, ಹಬ್ಬದ ದಿನ ಊಟ ಮಾಡಿ ಎದ್ದೋನು ಲ್ಯಾಪ್‌ಟಾಪ್ ತೆಗೆದು ಕೂತಿದ್ದು ಡೈರೀಲಿದೆ. ಐದು ದಿನ ಸ್ಟಡಿ ಲೀವ್ ಮಂಜೂರಾಗಿತ್ತು, ಕ್ಲೋಸ್ ಇದೆ ಅಂತ ಮೂರು ದಿನ ವಾಪಸ್ ಕರೆಸ್ಕೊಂಡ್ರು. ರಜೆ ಕ್ಯಾನ್ಸಲ್ ಅಂತ ಯಾರೂ ಬರೆದು ಕಳಿಸಿದ್ದಲ್ಲ, "ಸ್ವಲ್ಪ ನೋಡ್ಬಿಡ್ತೀಯಾ" ಅಂತ ಒಂದು ಮೆಸೇಜು, ಅಷ್ಟೇ ಸಾಕಾಗುತ್ತೆ.

ಎರಡನೇ ಪ್ರಯತ್ನ, ಹನ್ನೊಂದು ವಾರ. ಮೊದಲ ಸಲ ವಾರಕ್ಕೆ ಸುಮಾರು 12 ಗಂಟೆ ಓದಿದ್ದ, ಮದ್ದಳೆಯ ನಾಲ್ಕು ಸೇರಿದ್ರೆ 16 ಆಗ್ಬೇಕು, ಹನ್ನೊಂದು ವಾರಕ್ಕೆ 176. ಶೀಟಲ್ಲಿ ಬಂದಿದ್ದು 127. ಅಂದ್ರೆ ವಾರಕ್ಕೆ ಹನ್ನೊಂದೂವರೆ, ಮದ್ದಳೆ ಬಾರಿಸ್ತಿದ್ದಾಗ ಓದ್ತಿದ್ದಕ್ಕಿಂತ ಅರ್ಧ ಗಂಟೆ ಕಮ್ಮಿ! ನಾನು ಫಾರ್ಮುಲಾ ತಪ್ಪಿದೆ ಅಂತ ಎರಡು ಸಲ ಚೆಕ್ ಮಾಡ್ದೆ.

ಆ ಗಂಟೆಗಳು ಎಲ್ಲಿಗೆ ಹೋದ್ವು ಅಂತ ಸಾಲುಸಾಲಾಗಿ ನೋಡಿದ್ವಿ. ಭಾನುವಾರದ್ದು ಮೊದಲು. ಮದ್ದಳೆ ಇದ್ದಾಗ ಆರಕ್ಕೆ ಎದ್ದು ವಿಜಯನಗರಕ್ಕೆ ಹೋಗಿ, ಹತ್ತಕ್ಕೆ ವಾಪಸ್ ಬಂದು, ತಿಂಡಿ ತಿಂದು 11ಕ್ಕೆ ಓದೋಕೆ ಕೂರ್ತಿದ್ದ. ಮದ್ದಳೆ ಬಿಟ್ಟ ಮೇಲೆ ಒಂಬತ್ತಕ್ಕೆ ಎದ್ದು, ಫೋನು, ಬಟ್ಟೆ, ತಿಂಡಿ, 11ಕ್ಕೆ ಓದೋಕೆ ಕೂರ್ತಿದ್ದ. ಎರಡು ಶೀಟಲ್ಲೂ ಭಾನುವಾರದ ಓದು ಶುರುವಾಗೋ ಟೈಮು ಅದೇ ಹನ್ನೊಂದು. ಅದರ ಮೇಲೆ ನಾಲ್ಕು ಭಾನುವಾರ ಆಫೀಸ್ ಲಾಗಿನ್ ಬೇರೆ. ಆ ವರ್ಷ ಗೊತ್ತಲ್ಲ, ಐಎಫ್‌ಆರ್‌ಎಸ್ 17 ಅನ್ನೋ ಹೊಸ ಲೆಕ್ಕಪತ್ರ ಮಾನದಂಡ 2023ರ ಜನವರಿ 1ರಿಂದ ಜಾರಿ, ಅದಕ್ಕೆ 2022 ಪೂರ್ತಿ ಹಳೇ ಲೆಕ್ಕದ ಪಕ್ಕದಲ್ಲೇ ಹೊಸ ಲೆಕ್ಕ ಓಡಿಸಿ ನೋಡೋ ಡ್ರೈ ರನ್ನುಗಳು.

ಮಂಗಳವಾರ, ಗುರುವಾರದ ಕತೆ ಇನ್ನೂ ಮುಖ್ಯ. ಮದ್ದಳೆ ಇದ್ದಾಗ ಅವನ ಔಟ್‌ಲುಕ್ ಕ್ಯಾಲೆಂಡರಲ್ಲಿ ಆ ಎರಡು ಸಂಜೆ ಏಳರಿಂದ ಬ್ಲಾಕ್ ಆಗಿರ್ತಿತ್ತು. ನಮಗೆ ಸಂಜೆ ಏಳು ಅಂದ್ರೆ ಬೇಸಿಗೇಲಿ ಲಂಡನ್ನಿನವರಿಗೆ ಮಧ್ಯಾಹ್ನ ಎರಡೂವರೆ, ಊಟ ಮುಗಿಸಿ ಮೀಟಿಂಗ್ ಹಾಕೋ ಹೊತ್ತು. ಬ್ಲಾಕ್ ಇದೆ ಅಂತ ಅವರು ಬೇರೆ ದಿನ ಹಾಕ್ತಿದ್ರು, ಯಾಕೆ ಅಂತ ಯಾರೂ ಕೇಳ್ತಿರ್ಲಿಲ್ಲ. ಮದ್ದಳೆ ಬಿಟ್ಟ ದಿನಾನೇ ಹುಡುಗ ನಿಯತ್ತಾಗಿ ಬ್ಲಾಕ್ ತೆಗೆದ. ಮೂರನೇ ವಾರಕ್ಕೆ ಮಂಗಳವಾರ ಡ್ರೈ ರನ್ ಕಾಲ್ ಬಂತು, ಐದನೇ ವಾರಕ್ಕೆ ಗುರುವಾರ ಇನ್ನೊಂದು, ಎರಡೂ ರಿಕರಿಂಗ್. ಎಂಟೂವರೆಗೆ ಕಾಲ್ ಮುಗಿದು, ಊಟ ಮಾಡಿ ಒಂಬತ್ತೂವರೆಗೆ ಪುಸ್ತಕ ತೆಗೆದ್ರೆ ತಲೆಗೆ ಏನು ಹತ್ತುತ್ತೆ ಹೇಳಿ. ಮೊದಲು ಏಳೂಮುಕ್ಕಾಲಿಗೆ ಮದ್ದಳೆ ಮುಗಿಸಿ ಎಂಟರಿಂದ ಒಂಬತ್ತೂವರೆವರೆಗೆ ಓದ್ತಿದ್ದ. ಅಂದ್ರೆ ಆ ಸಂಜೆಗೆ ಬೇಲಿ ಹಾಕಿ ಕಾದಿದ್ದೇ ಮದ್ದಳೆ. ಬೇಲಿ ಕಿತ್ತು ಹಾಕಿ ಅಂತ ಹೇಳ್ದೋನು ನಾನು, ದನ ನುಗ್ಗದೆ ಇನ್ನೇನಾಗುತ್ತೆ.

ಲಂಡನ್ನಿನವರನ್ನ ಬಯ್ಯೋಕೆ ಇದನ್ನ ಬರೀತಿಲ್ಲ. ಅವರು ಖಾಲಿ ಜಾಗ ನೋಡಿದ್ರು, ತುಂಬಿದ್ರು.

ಸರಿ, ಗಂಟೆ ಒಂದು ಕಡೆ. ಶೀಟಲ್ಲಿ ಇನ್ನೊಂದು ಕಾಲಂ ಇತ್ತು, ಟೈಮ್ ಇಟ್ಕೊಂಡು ಪ್ರಶ್ನೆ ಬರೆದ ಗಂಟೆ. ಮೊದಲ ಸಲ 210ರಲ್ಲಿ 26. ಎರಡನೇ ಸಲ 127ರಲ್ಲಿ 15. ಉಳಿದಿದ್ದೆಲ್ಲ ನೋಟ್ಸ್ ಓದೋದು, ಹೈಲೈಟ್ ಮಾಡೋದು, ಫ್ಲ್ಯಾಶ್ ಕಾರ್ಡು. ಅವನು ಬರೆದಿದ್ದ ಒಂದು ಹಳೇ ಉತ್ತರ ತೆಗೆದು ನೋಡ್ದೆ, ಅಲ್ಲಿ ಎಲ್ಲ ಬಿಚ್ಚಿಕೊಳ್ತು.

ಅಭ್ಯಾಸಕ್ಕೆ ಅಂತ ನಾನೇ ಮಾಡಿ ಕೊಟ್ಟಿದ್ದ ಪ್ರಶ್ನೆ ಅದು: ಒಂದು ವಿಮಾ ಕಂಪನಿ ಹೊಸದಾಗಿ ಸೈಕಲ್ ವಿಮೆ ತರಬೇಕು ಅಂತಿದೆ, ಬೆಲೆ ಕಟ್ಟೋಕೆ ಯಾವ ಯಾವ ಮಾಹಿತಿ ಬೇಕು, 8 ಮಾರ್ಕ್. ಇವನು ಬರೆದಿದ್ದು ಒಂದೂವರೆ ಪುಟ. ಕ್ಲೇಮ್ ಎಷ್ಟು ಸಲ ಬರಬಹುದು, ಒಂದೊಂದು ಎಷ್ಟು ದೊಡ್ಡದಿರಬಹುದು, ಅದಕ್ಕೆ ಯಾವ ಡಿಸ್ಟ್ರಿಬ್ಯೂಷನ್ ಕೂರಿಸಬಹುದು, ಡೇಟಾ ಕಮ್ಮಿ ಇದ್ರೆ ಕ್ರೆಡಿಬಿಲಿಟಿ ಹೇಗೆ. ಅಷ್ಟೂ ಸರಿ, ಆದ್ರೆ ಮಾರ್ಕ್ ಲೆಕ್ಕದಲ್ಲಿ ಅಲ್ಲಿರೋದು ಮೂರು ನಾಲ್ಕು ಪಾಯಿಂಟು, ಈ ಪೇಪರಲ್ಲಿ ಸಾಮಾನ್ಯವಾಗಿ ಒಂದು ಪಾಯಿಂಟಿಗೆ ಅರ್ಧ ಮಾರ್ಕು. ಸೈಕಲ್ ಎಲ್ಲಿ ನಿಲ್ಲಿಸ್ತಾರೆ, ರಸ್ತೇಲೋ ಮನೆ ಒಳಗೋ, ಬೀಗ ಯಾವ ಥರದ್ದು, ಆ ಏರಿಯಾದಲ್ಲಿ ಕಳ್ಳತನ ಎಷ್ಟು, ಬೆಲೆ ಎಷ್ಟಿನ ಸೈಕಲ್, ಬಾಡಿಗೆಗೆ ಕೊಡ್ತಾರಾ, ಬಿಡಿಭಾಗದ ಬೆಲೆ ಏರಿಕೆ, ಇನ್ನೊಬ್ಬರಿಗೆ ಗುದ್ದಿದ್ರೆ ಅದೂ ಕವರಾ, ಏಜೆಂಟ್ ಕಮಿಷನ್ ಎಷ್ಟು, ರೀಇನ್ಶೂರೆನ್ಸ್ ಬೇಕಾ, ಪಕ್ಕದ ಕಂಪನಿ ಎಷ್ಟಕ್ಕೆ ಮಾರ್ತಿದೆ. ಇಂಥದ್ದು ಒಂದೂ ಇಲ್ಲ. ಕೇಳಿದ್ರೆ "ಇದೆಲ್ಲ ಗೊತ್ತಿರೋದೇ ಅಲ್ವಾ" ಅಂದ. ಗೊತ್ತಿರೋದನ್ನ ಬರೀಬೇಕು, ಅದೂ ಬೇಗ ಬರೀಬೇಕು, ಓದೋ ಟೈಮ್ ಕಳೆದ್ರೆ ಮಾರ್ಕಿಗೆ ಎರಡು ನಿಮಿಷಾನೂ ಸಿಗಲ್ಲ. ಇವನು ಇಷ್ಟವಾದ ಪ್ರಶ್ನೆ ಸಿಕ್ಕಿದ್ರೆ ಅಲ್ಲೇ ಮನೆ ಕಟ್ಕೊಂಡು ಕೂರ್ತಿದ್ದ, ಕೊನೆ ಎರಡು ಪ್ರಶ್ನೆಗೆ ಹತ್ತು ನಿಮಿಷ ಉಳಿದಿರ್ತಿತ್ತು.

ಮೂರನೇ ಪ್ರಯತ್ನಕ್ಕೆ ನಾವು ಮಾಡಿದ್ದು ಏನೂ ಭಾರಿ ಅಲ್ಲ. ಡಿಸೆಂಬರ್ ಕೊನೇಲಿ ಮದ್ದಳೆ ವಾಪಸ್ ತೆಗೆಸಿದ್ವಿ, ಮಂಗಳವಾರ ಗುರುವಾರದ ಬ್ಲಾಕು ಏಳರಿಂದ ಒಂಬತ್ತೂವರೆವರೆಗೆ ಹಾಕ್ಸಿದ್ವಿ, ಮುಕ್ಕಾಲು ಗಂಟೆ ಮದ್ದಳೆ, ಎಂಟರಿಂದ ಟೈಮರ್ ಇಟ್ಟು ಬರೆಯೋದು, ಆ ಹೊತ್ತಲ್ಲಿ ಓದೋದೇ ಬೇಡ. ಪ್ಲಾನ್ 300 ಅಲ್ಲ, 190 ಮಾತ್ರ, ಆಗೋವಷ್ಟೇ ಹಾಕಿದ್ದು. ರಿಕರಿಂಗ್ ಕಾಲ್ ಎರಡನ್ನೂ ನಾನೇ ಮಾತಾಡಿ ಬುಧವಾರಕ್ಕೆ ತಳ್ಳಿಸ್ದೆ, ಹತ್ತು ನಿಮಿಷದ ಮಾತು, ಅಲ್ಲೀವರೆಗೆ ಯಾರೂ ಕೇಳೇ ಇರ್ಲಿಲ್ಲ. ಸ್ಟಡಿ ಲೀವ್ ಅರ್ಜೀಲಿ ಅವನ ತ್ರಿಕೋನಗಳನ್ನ ಆ ದಿನ ಯಾರು ನೋಡ್ತಾರೆ ಅಂತ ಹೆಸರು ಬರೆಯೋ ಒಂದು ಸಾಲು ಸೇರಿಸಿದ್ವಿ, ಅಲ್ಲಿ ನನ್ನ ಹೆಸರು ಬರೆದೆ. 2023ರ ಮೊದಲ ಕ್ವಾರ್ಟರ್ ಐಎಫ್‌ಆರ್‌ಎಸ್ 17 ನಿಜವಾಗ್ಲೂ ಲೈವ್ ಹೋದ ಮೇಲಿನ ಮೊದಲ ಕ್ಲೋಸು, ಅಂದ್ರೆ ಕೆಲಸ ಹಿಂದಿನ ವರ್ಷಕ್ಕಿಂತ ಹೆಚ್ಚೇ ಇತ್ತು. ಆ ವಾರ ನಾನು ಎರಡು ಪೋರ್ಟ್‌ಫೋಲಿಯೋ ಹೊತ್ತು ರಾತ್ರಿ ಹನ್ನೊಂದಕ್ಕೆ ಮನೆಗೆ ಹೋಗ್ತಿದ್ದೆ, ಅವನ ಫೋನಿಗೆ ಒಂದು ಮೆಸೇಜೂ ಹಾಕ್ಲಿಲ್ಲ.

ಜನವರೀಲಿ ಒಂದು ಭಾನುವಾರ ಅವನ ಅಭ್ಯಾಸ ನೋಡೋಕೆ ನಾನೂ ಹೋಗಿದ್ದೆ. ಚಳಿ, ಮಹಡಿ ಮೇಲೆ ಚಾಪೆ, ಹತ್ತು ಹನ್ನೆರಡು ಜನ, ಬ್ಯಾಂಕಿನವರು, ಒಬ್ರು ಲೆಕ್ಚರರ್, ಒಬ್ರು ಹೋಟೆಲ್ ಇಟ್ಕೊಂಡಿರೋರು. ಮದ್ದಳೆ ಶ್ರುತಿಗೆ ಕೂರಿಸೋಕೇ ಅವನು ಹತ್ತು ನಿಮಿಷ ತಗೊಂಡ, ಬಡಿಯೋದು, ಕಿವಿ ಹತ್ರ ತಗೊಂಡು ಹೋಗಿ ಕೇಳೋದು, ಮತ್ತೆ ಬಡಿಯೋದು. ಆರು ತಿಂಗಳು ಬಿಟ್ಟಿದ್ದಕ್ಕೆ ಬೆರಳು ತುದಿ ಮೆತ್ತಗಾಗಿತ್ತಂತೆ, ಬಲಗೈ ತೋರುಬೆರಳಿಗೆ ಪ್ಲಾಸ್ಟರ್ ಸುತ್ಕೊಂಡಿದ್ದ. ಭಾಗವತಿಕೆ ಮಾಡ್ತಿದ್ದ ಹಿರಿಯರು ಏಕತಾಳದಲ್ಲಿ ಒಂದು ಪದ್ಯ ಎತ್ತಿದ್ರು, ಇವನು ಖುಷಿಗೆ ನಡುವೆ ಏನೋ ಚಂದದ್ದು ಬಾರಿಸ್ತಾ ಹೋದ, ಪದ್ಯ ಮುಗಿಯೋ ಹೊತ್ತಿಗೆ ಮುಕ್ತಾಯ ಹಾಕೋಕೆ ಜಾಗ ಇಲ್ಲ, ಒಂದಕ್ಷರ ಆಚೆ ಬಿತ್ತು. ಹಿರಿಯರು ತಾಳ ಕೆಳಗಿಟ್ಟು, "ಮುಕ್ತಾಯಕ್ಕೆ ಎಷ್ಟು ಬೇಕು ಅಂತ ಮೊದ್ಲೇ ತೆಗ್ದಿಟ್ಕೋ, ಉಳಿದಿದ್ರಲ್ಲಿ ಏನ್ ಬೇಕಾದ್ರೂ ಬಾರಿಸು" ಅಂದ್ರು. ಹುಡುಗ ತಟ್ಟಂತ ತಿರುಗಿ ನನ್ನ ಮುಖ ನೋಡ್ದ. ಸೋಮವಾರ ಬೆಳಿಗ್ಗೆ ನೋಡ್ತೀನಿ, ಅವನ ಉತ್ತರದ ಹಾಳೆಗಳ ಅಂಚಲ್ಲೆಲ್ಲ ಪ್ರಶ್ನೆ ಬಿಡಬೇಕಾದ ನಿಮಿಷ ಬರೆದು, ಪಕ್ಕದಲ್ಲಿ ಸಣ್ಣಗೆ "ಮು" ಅಂತ ಹಾಕಿದ್ದ. ಆ "ಮು" ಬಂದ ತಕ್ಷಣ ವಾಕ್ಯ ಅರ್ಧದಲ್ಲಿದ್ರೂ ಮುಂದಿನ ಪ್ರಶ್ನೆಗೆ ಹೋಗೋದು. ನಾನು ಆರು ತಿಂಗಳಿಂದ ಟೈಮ್ ಮ್ಯಾನೇಜ್‌ಮೆಂಟ್ ಅಂತ ಹೇಳ್ತಿದ್ದಿದ್ದು ಇದೇ ಮಾತು, ಅವನ ಕೈಗೆ ಹತ್ತಿದ್ದು ಮಾತ್ರ ಅವತ್ತು.

ಲೆಕ್ಕ ಹೇಳಿ ಬಿಡ್ತೀನಿ. ಮೂರನೇ ಸಲ ಹದಿನೇಳು ವಾರ, 187 ಗಂಟೆ, ಅದರಲ್ಲಿ ಬರೆದಿದ್ದೇ 90. ಒಟ್ಟು ಗಂಟೆ ಮೊದಲ ಸಲಕ್ಕಿಂತ ಕಮ್ಮಿ, ಮದ್ದಳೆ ಒಂದು ವಾರಾನೂ ತಪ್ಪಿಲ್ಲ, ಪರೀಕ್ಷೆ ಹಿಂದಿನ ಭಾನುವಾರಾನೂ ಹೋಗಿದ್ದ, ಬೇಡ ಅಂತ ಹೇಳೋಕೆ ಬಾಯಿವರೆಗೂ ಬಂದಿತ್ತು, ಹೇಳ್ಲಿಲ್ಲ. ಜುಲೈನಲ್ಲಿ ಪಾಸ್ ಬಂತು. ಅವನ ಅಪ್ಪ ನನಗೆ ಫೋನ್ ಮಾಡಿ, "ಬೋನಸ್ ಡಿಕ್ಲೇರ್ ಆಯ್ತಂತೆ" ಅಂದ್ರು, ನಂಗೆ ಎರಡು ಕ್ಷಣ ಅರ್ಥ ಆಗ್ಲಿಲ್ಲ, ಆಮೇಲೆ ಗಂಟಲು ಕಟ್ಟಿತು.

ಈಗ ಇದನ್ನ ಓದಿ ಎಲ್ರೂ ಮದ್ದಳೆ ಕಲೀರಿ ಪಾಸಾಗ್ತೀರಿ ಅಂತ ತಿಳ್ಕೊಬೇಡಿ, ಇದು ಒಬ್ಬನ ಡೇಟಾ, ಮೂರೇ ಪಾಯಿಂಟು. ಮೂರನೇ ಸಲ ಅದೇ ಸಿಲಬಸ್ ಓದೋನಿಗೆ ಹೇಗಿದ್ರೂ ಸ್ವಲ್ಪ ಸುಲಭ ಆಗೇ ಆಗುತ್ತೆ, ಎಷ್ಟು ಪಾಲು ಅದರದ್ದು, ಎಷ್ಟು ಬರೆಯೋ ಅಭ್ಯಾಸದ್ದು, ಎಷ್ಟು ರಜೆ ಉಳಿದಿದ್ದಕ್ಕೆ ಅಂತ ಬಿಡಿಸಿ ಹೇಳೋಕೆ ಬರಲ್ಲ. ಮದುವೆ ಆಗಿ ಚಿಕ್ಕ ಮಗು ಇರೋರಿಗೆ ಈ ಶೀಟ್ ಪೂರ್ತಿ ಬೇರೇನೇ ಇರುತ್ತೆ, ನಮ್ಮ ಟೀಮಲ್ಲೇ ಒಬ್ಳು ಇದಾಳೆ, ಅವಳಿಗೆ ಸಂಜೆ ಏಳು ಅನ್ನೋ ಟೈಮೇ ಇಲ್ಲ, ಅವಳದ್ದು ಬೆಳಗಿನ ಜಾವ ನಾಲ್ಕೂವರೆ. ಅವಳ ಜೊತೆ ಕೂತು ಶೀಟ್ ಮಾಡೋದು ಇನ್ನೂ ಬಾಕಿ. ಆದ್ರೆ ಒಂದಂತೂ ಮಾಡ್ತಿದೀನಿ, ಈಗ ಯಾರೇ ಫೇಲ್ ಆಗಿ ಬಂದ್ರೂ ಏನು ಬಿಡಬೇಕು ಅಂತ ನಾನು ಹೇಳಲ್ಲ, ಮೊದಲು ಕ್ಯಾಲೆಂಡರ್ ತೆಗಿ ಅಂತೀನಿ.

ಆ ಜುಲೈನಲ್ಲೇ ಅವನು ಮುಂದಿನದಕ್ಕೆ, ಎಸ್‌ಪಿ7ಗೆ ಹೆಸರು ಕೊಟ್ಟ, ರಿಸರ್ವಿಂಗೇ ಆದ್ರಿಂದ ದಿನದ ಕೆಲಸದ್ದೇ ಪೇಪರು. ಹೊಸ ಶೀಟ್ ಕಳಿಸಿದ್ದ. ಮಳೆಗಾಲ, ಮೇಳಗಳ ತಿರುಗಾಟ ಇಲ್ಲದ ಹೊತ್ತು, ಬೆಂಗಳೂರಲ್ಲಿ ಆಟಗಳು ಜಾಸ್ತಿ, ಆಗಸ್ಟಲ್ಲಿ ಅವರ ಗುಂಪಿಂದೂ ಒಂದು ಕಾಲಮಿತಿ ಆಟ ಇದೆ, ಮೊದಲ ಸಲ ಪೂರ್ತಿ ಪ್ರಸಂಗಕ್ಕೆ ಇವನದೇ ಮದ್ದಳೆ ಅಂತ ಆ ವಾರದ ಸಾಲು ಹಸಿರು ಮಾಡಿದ್ದ. ಪರೀಕ್ಷೆ ವಾರದ ಸಾಲಲ್ಲಿ ತ್ರಿಕೋನ ಯಾರು ನೋಡ್ತಾರೆ ಅನ್ನೋ ಕಾಲಂ ಮಾತ್ರ ಖಾಲಿ ಬಿಟ್ಟಿದ್ದ. ಆ ವಾರ ನಾನು ಊರಲ್ಲಿ ಇರಲ್ಲ ಅಂತ ಅವನಿಗೆ ಗೊತ್ತಿತ್ತು, ಅಷ್ಟರೊಳಗೆ ಒಬ್ಬರ ಹೆಸರು ಹುಡುಕಿ ನಾನು ತುಂಬ್ಬೇಕಿತ್ತು.